ಸೂರ್ಯನ ಮೇಲಿನ ಕರಿ ಗೆರೆ: ಫಿಲಮೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆಯ ಶಾಲೆಗಳಲ್ಲಿ ಹಗಲು ಹೊತ್ತು ದೂರದರ್ಶಕ ಇಟ್ಟು ಸೂರ್ಯನನ್ನು ತೋರಿಸುತ್ತೇವೆ. ಮಕ್ಕಳು, ಮಾಸ್ತರುಗಳು, ಬಿಡುವಿನಲ್ಲಿ ಬಂದು ನೋಡುವ ಪಾಲಕರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಆಮೇಲೆ ವಾಟ್ಸಾಪ್‌ನಲ್ಲೂ ಪತ್ರದಲ್ಲೂ ಬರುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲ ಸಲ ನೋಡಿದವರು ಕೇಳುವುದು

"ಸರ್, ಸೂರ್ಯನ ಮ್ಯಾಲ ಕರಿ ದಾರ ಬಿದ್ದಂಗ ಕಾಣ್ತದ. ಅದೇನ್ರೀ?"

ಅದರ ಹೆಸರು ಫಿಲಮೆಂಟ್. ನೋಡಲು ಸೂರ್ಯನ ಮೈಗೆ ಅಂಟಿದ ಹಾಗಿದ್ದರೂ ಅದು ಅಂಟಿಕೊಂಡಿಲ್ಲ. ಮೇಲ್ಮೈಯಿಂದ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ, ಕರೋನಾ ಎಂಬ ಹೊರ ವಾತಾವರಣದೊಳಗೆ ನಿಂತಿರುವ ಪ್ಲಾಸ್ಮಾದ ಮೋಡ ಅದು. ಹೆಚ್ಚಿನ ಪಾಲು ಹೈಡ್ರೋಜನ್, ಉಳಿದದ್ದರಲ್ಲಿ ಮುಖ್ಯವಾಗಿ ಹೀಲಿಯಂ. ಬಿಸಿಗೆ ಹಲವು ಪರಮಾಣುಗಳಿಂದ ಇಲೆಕ್ಟ್ರಾನ್‌ಗಳು ಕಳಚಿಕೊಂಡಿರುತ್ತವೆ. ಆದ್ದರಿಂದಲೇ ಅದನ್ನು ಬರೀ ಅನಿಲ ಅನ್ನದೆ ಪ್ಲಾಸ್ಮಾ ಅನ್ನುತ್ತೇವೆ.

ಸುತ್ತಲಿನ ಕರೋನಾ ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ. ಫಿಲಮೆಂಟ್ ಮಾತ್ರ ಸುಮಾರು 7,000ದಿಂದ 10,000 ಡಿಗ್ರಿ. ಅಂದರೆ ಸುತ್ತಲಿಗಿಂತ ನೂರು ಪಟ್ಟು ತಣ್ಣಗೆ, ನೂರು ಪಟ್ಟು ದಟ್ಟ. ಹಾಗಿದ್ದೂ ಅದು ಕೆಲವು ಸಲ ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮುಂದಿನ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ: ಹೇಗೆ ನಿಲ್ಲುತ್ತದೆ?

"ಸೌರಕಲೆ ಬ್ಯಾರೆ, ಇದು ಬ್ಯಾರೆ ಏನ್ರೀ? ಎರಡೂ ಕರ್ರಗೇ ಅವಲ್ಲ?"

ಬೇರೆ ಬೇರೆ. ಸೌರಕಲೆ ಮೇಲ್ಮೈಯಲ್ಲೇ ಇರುವ ಜಾಗ. ಅಲ್ಲಿ ಕಾಂತಕ್ಷೇತ್ರ ಎಷ್ಟು ಬಲವಾಗಿರುತ್ತದೆ ಅಂದರೆ, ಒಳಗಿನ ಬಿಸಿ ಕುದಿದು ಮೇಲೆ ಬರಲು ಬಿಡುವುದಿಲ್ಲ. ಸುತ್ತಲಿನ ಮೇಲ್ಮೈ ಸುಮಾರು 5,500 ಡಿಗ್ರಿ ಇದ್ದರೆ ಕಲೆಯ ನಡುಭಾಗ 4,000 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಣ್ಣಗಿದೆ, ಆದ್ದರಿಂದ ಕಪ್ಪಾಗಿ ಕಾಣುತ್ತದೆ.

ಫಿಲಮೆಂಟ್ ಕಪ್ಪಾಗಲು ಕಾರಣ ಅದಲ್ಲ. ಅದು ಮೇಲ್ಮೈಗಿಂತ ತಣ್ಣಗೇನೂ ಇಲ್ಲ. ಕೆಳಗಿನಿಂದ ಬರುವ ಕೆಂಪು ಬೆಳಕಿನಲ್ಲಿ ಒಂದು ಬಣ್ಣವನ್ನು ಅದರ ಹೈಡ್ರೋಜನ್ ಹೀರಿಕೊಂಡು ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತದೆ. ನಮ್ಮ ಕಡೆಗೆ ಬರಬೇಕಾದ ಬೆಳಕಿನಲ್ಲಿ ದೊಡ್ಡ ಪಾಲು ಬೇರೆ ಕಡೆ ಹೋಯಿತು. ಹಾಗಾಗಿ ನಮಗೆ ಅಲ್ಲಿ ಕಪ್ಪು. ಈ ವ್ಯತ್ಯಾಸ ಗೊತ್ತಾದರೆ ಮುಂದಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

"ಅಂಚಿನ್ಯಾಗ ಕೆಂಪಗ ಬೆಂಕಿ ಎದ್ದಂಗ ಕಾಣೋದು, ನಡುವ ಕರ್ರಗ ಕಾಣೋದು, ಎರಡೂ ಒಂದೇ ಅಂತೀರಿ. ಹ್ಯಾಂಗ?"

ಎರಡೂ ಒಂದೇ. ನಾವು ನೋಡುವ ಹಿನ್ನೆಲೆ ಬದಲಾಗುತ್ತದೆ, ಅಷ್ಟೇ. ಸೂರ್ಯನ ತಟ್ಟೆಯ ಮುಂದೆ ಬಂದಾಗ ಬೆಳಕನ್ನು ಚೆಲ್ಲಿ ಕಪ್ಪಾಗುತ್ತದೆ. ಅದೇ ಮೋಡ ಅಂಚಿಗೆ ಹೋದಾಗ ಹಿಂದೆ ಇರುವುದು ಕಪ್ಪು ಆಕಾಶ. ಚೆಲ್ಲಿದ ಬೆಳಕಿನಲ್ಲಿ ಒಂದು ಪಾಲು ನಮ್ಮ ಕಡೆಗೂ ಬರುತ್ತದೆ. ಆಗ ಕೆಂಪಗೆ ಹೊಳೆಯುತ್ತದೆ. ಅಂಚಿನಲ್ಲಿ ಕಂಡರೆ ಅದನ್ನು ಪ್ರಾಮಿನೆನ್ಸ್ ಅಥವಾ ಸೌರ ಚಾಚಿಕೆ ಅನ್ನುತ್ತಾರೆ, ತಟ್ಟೆಯ ಮೇಲೆ ಕಂಡರೆ ಫಿಲಮೆಂಟ್.

ಸೂರ್ಯ ತನ್ನ ಸುತ್ತ ತಿರುಗುವುದರಿಂದ ಇದನ್ನು ನಾವೇ ಪರೀಕ್ಷೆ ಮಾಡಿ ನೋಡಬಹುದು. ಪೂರ್ವದ ಅಂಚಿನಲ್ಲಿ ಕೆಂಪಗೆ ಕಂಡದ್ದು ಒಂದೆರಡು ದಿನದಲ್ಲಿ ಒಳಗೆ ಸರಿದು ಕರಿ ಗೆರೆಯಾಗುತ್ತದೆ. ಸುಮಾರು ಎರಡು ವಾರಕ್ಕೆ ಪಶ್ಚಿಮದ ಅಂಚು ಮುಟ್ಟಿ ಮತ್ತೆ ಕೆಂಪಾಗುತ್ತದೆ. ಮಕ್ಕಳಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಇದನ್ನು ದಿನಾ ಚಿತ್ರ ಬರೆಯಲು ಹಚ್ಚಿದರೆ ತಾವೇ ಕಂಡುಹಿಡಿಯುತ್ತಾರೆ.

"ಕಣ್ಣಿಲೆ ನೋಡಬಹುದೇನು? ಗ್ರಹಣದ ಕನ್ನಡಕ ಅದ ನಮ್ಮ ಹತ್ರ."

ಗ್ರಹಣದ ಕನ್ನಡಕದಲ್ಲಿ ಫಿಲಮೆಂಟ್ ಕಾಣುವುದಿಲ್ಲ. ದೊಡ್ಡ ಸೌರಕಲೆ ಇದ್ದರೆ ಅದಷ್ಟೇ ಕಂಡೀತು. ಫಿಲಮೆಂಟ್ ನೋಡಲು ಹೈಡ್ರೋಜನ್-ಆಲ್ಫಾ ಎಂಬ ಒಂದೇ ಕೆಂಪು ಬಣ್ಣವನ್ನು, 656.28 ನ್ಯಾನೋಮೀಟರ್ ತರಂಗದೂರದ ಬೆಳಕನ್ನು, ಮಾತ್ರ ಬಿಡುವ ಫಿಲ್ಟರ್ ಬೇಕು. ಅದು ದೂರದರ್ಶಕದೊಳಗೇ ಜೋಡಿಸಿ ಬರುತ್ತದೆ.

ಇಂಥ ದೂರದರ್ಶಕಕ್ಕೆ ಕಣ್ಣಿಟ್ಟಾಗ ಮೊದಲು ಕಾಣುವುದು ಬರೀ ಕೆಂಪು ತಟ್ಟೆ. ಬಹಳ ಮಂದಿ ಅಲ್ಲೇ "ಏನೂ ಇಲ್ರೀ" ಅಂದು ಕಣ್ಣು ತೆಗೆಯುತ್ತಾರೆ. ತಡೆಯಿರಿ. ತಲೆಯ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡು ಹೊರಗಿನ ಬಿಸಿಲು ಮುಚ್ಚಿ, ಫಿಲ್ಟರಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ತಟ್ಟೆಯ ಮೈ ಒರಟಾಗತೊಡಗುತ್ತದೆ. ಆಮೇಲೆ ಒಂದು ಕಡೆ ಸಣ್ಣ ಕರಿ ಗೆರೆ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಗೆರೆಯ ಎರಡು ಬದಿಗೂ ಅಲ್ಲಲ್ಲಿ ಓರೆಯಾಗಿ ಇಳಿದ ಚಿಕ್ಕ ಕವಲುಗಳು. ಆ ಕವಲುಗಳ ಬಗ್ಗೆ ಕೆಳಗೆ ಮತ್ತೆ ಹೇಳುತ್ತೇನೆ, ಅವು ಭಾಳ ಮುಖ್ಯ.

ನಮ್ಮ ಕಡೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ಹತ್ತರೊಳಗೆ ನೋಡುವುದು ಒಳ್ಳೆಯದು. ಹೊತ್ತು ಏರಿದ ಹಾಗೆ ಕಾದ ನೆಲದ ಗಾಳಿ ಅಲುಗಾಡಿ ಚಿತ್ರ ಕಲಕಿ ಹೋಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಕ್ಸ್-ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಾದಾ ತಂಪು ಕನ್ನಡಕ, ನೀರಿನಲ್ಲಿ ಪ್ರತಿಬಿಂಬ, ಯಾವುದೂ ಬೇಡ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡುವುದಂತೂ ಬೇಡವೇ ಬೇಡ. ಒಟ್ಟುಗೂಡಿದ ಬೆಳಕು ಕನ್ನಡಕವನ್ನು ಸುಟ್ಟು ಕಣ್ಣಿಗೆ ನುಗ್ಗುತ್ತದೆ. ಅಕ್ಷಿಪಟಲ ಸುಟ್ಟಾಗ ನೋವೇ ಆಗುವುದಿಲ್ಲ. ಆದ್ದರಿಂದಲೇ ಅಷ್ಟು ಅಪಾಯ.

"ಎಷ್ಟು ದೊಡ್ಡದಿರ್ತದ?"

ಉದ್ದ ಸಾಮಾನ್ಯವಾಗಿ 60,000ದಿಂದ 6,00,000 ಕಿ.ಮೀ. ಭೂಮಿಯ ಅಡ್ಡಳತೆ 12,742 ಕಿ.ಮೀ. ನೀವೇ ಭಾಗಿಸಿ ನೋಡಿ. ಗೆರೆಯೊಳಗೆ ಇನ್ನೂ ಸಣ್ಣ ಎಳೆಗಳಿರುತ್ತವೆ. ದೊಡ್ಡ ದೂರದರ್ಶಕಗಳಲ್ಲಿ ಕಾಣುವ ಒಂದು ಎಳೆಯ ದಪ್ಪ ಸುಮಾರು 200 ಕಿ.ಮೀ., ಹೆಚ್ಚುಕಮ್ಮಿ ಕಲಬುರಗಿಯಿಂದ ಹೈದರಾಬಾದಿನಷ್ಟು.

"ನಮ್ಮ ಸೀಮ್ಯಾಗ ಹಿಂದ ಯಾರರ ಇದನ್ನ ನೋಡ್ಯಾರೇನು?"

ನೋಡಿದ್ದಾರೆ, ಅದೂ ವಿಜ್ಞಾನದ ಇತಿಹಾಸವೇ ತಿರುಗಿದ ದಿನ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ನೆರಳು ಜಮಖಂಡಿ, ವಿಜಯಪುರದ ಮೇಲೆ ಹಾದು ಪೂರ್ವಕ್ಕೆ ಗುಂಟೂರಿನ ಕಡೆ ಹೋಯಿತು. ಭೂಪಟದಲ್ಲಿ ಈ ಊರುಗಳ ನಡುವೆ ಗೆರೆ ಎಳೆದರೆ ನಮ್ಮ ಯಾದಗಿರಿ ಸೀಮೆ ಪಕ್ಕದಲ್ಲೇ ಸಿಗುತ್ತದೆ.

ಸೂರ್ಯನ ಅಂಚಿನ ಆ ಕೆಂಪು ಚಾಚಿಕೆಗಳು ಏನು ಅಂತ ಅಲ್ಲಿಯವರೆಗೆ ಯಾರಿಗೂ ಖಚಿತವಿರಲಿಲ್ಲ. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಇಟ್ಟುಕೊಂಡು ಕಾಯುತ್ತಿದ್ದರು. ಮಳೆಗಾಲದ ಮೋಡ. ಮೋಡದ ಸಂದಿಯಲ್ಲಿ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಚಾಚಿಕೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಒಡೆದದ್ದನ್ನು ಕಂಡರು. ಬಿಡಿ ಬಿಡಿ ಹೊಳಪು ಗೆರೆ ಅಂದರೆ ಅದು ಕಾದ ಅನಿಲ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಕೂಡ ಅವನ್ನೇ ಕಂಡರು. ಗೆರೆಗಳು ಎಷ್ಟು ಹೊಳಪಾಗಿದ್ದವು ಅಂದರೆ, ಗ್ರಹಣವಿಲ್ಲದೆಯೂ ನೋಡಬಹುದು ಅಂತ ಅವರಿಗೆ ಹೊಳೆಯಿತು. ಮರುದಿನ ನೋಡಿಯೂ ಬಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಾಕಿಯರ್ ತಮ್ಮದೇ ದಾರಿಯಲ್ಲಿ ಅಲ್ಲಿಗೇ ಬಂದರು. ಚಾಚಿಕೆಯ ಹಳದಿ ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಅಂತ ಹೆಸರಿಟ್ಟರು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

1980ರ ಫೆಬ್ರುವರಿ 16ರ ಖಗ್ರಾಸ ಗ್ರಹಣ ರಾಯಚೂರಿನ ಮೇಲೆ ಹಾದಿತ್ತು. ಕಲಬುರಗಿಗೆ ಪಾರ್ಶ್ವ ಗ್ರಹಣವಷ್ಟೇ ಸಿಕ್ಕಿತು. ಅವತ್ತು ಬಾಗಿಲು ಹಾಕಿಕೊಂಡು ಒಳಗೇ ಕುಳಿತವರು ಬಹಳ. ಹಿರಿಯರು ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

## ಸ್ವಲ್ಪ ಒಳಗೆ ಹೋದವರು ಕೇಳುವುದು

"ಅಯಸ್ಕಾಂತ ಅಂದ್ರ ಕಬ್ಬಿಣ. ಸೂರ್ಯನಾಗ ಕಬ್ಬಿಣದ ತುಂಡು ಎಲ್ಲಿಂದ ಬಂತು?"

ಕಾಂತಕ್ಷೇತ್ರಕ್ಕೆ ಕಬ್ಬಿಣವೇ ಬೇಕಿಲ್ಲ, ವಿದ್ಯುತ್ ಹರಿದರೆ ಸಾಕು. ಶಾಲೆಯಲ್ಲಿ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿ ದಿಕ್ಸೂಚಿಯ ಮುಳ್ಳು ತಿರುಗಿಸಿದ್ದೀರಿ ಅಲ್ವಾ? ಸೂರ್ಯನ ಪ್ಲಾಸ್ಮಾದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಆ ಪ್ಲಾಸ್ಮಾ ಕುದಿಯುತ್ತಲೂ ಇದೆ, ತಿರುಗುತ್ತಲೂ ಇದೆ. ಸಮಭಾಜಕದ ಹತ್ತಿರ ಒಂದು ಸುತ್ತಿಗೆ ಸುಮಾರು 25 ದಿನ, ಧ್ರುವದ ಹತ್ತಿರ 30 ದಿನ ದಾಟುತ್ತದೆ. ಹೀಗೆ ಒಂದೊಂದು ಕಡೆ ಒಂದೊಂದು ವೇಗ ಇರುವುದರಿಂದ ಕಾಂತರೇಖೆಗಳು ಎಳೆದು, ತಿರುಚಿ, ಬಲವಾಗುತ್ತವೆ. ಸೌರಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಅಂತ 1908ರಲ್ಲಿ ತೋರಿಸಿದವರು ಅಮೆರಿಕದ ಜಾರ್ಜ್ ಹೇಲ್.

"ಸೂರ್ಯನ ಮೇಲ್ಮೈಗಿಂತ ಹೊರಗಿನ ಕರೋನಾನೇ ಜಾಸ್ತಿ ಬಿಸಿ ಅಂತ ಪುಸ್ತಕದಲ್ಲಿದೆ. ಪ್ರಿಂಟ್ ತಪ್ಪಾ?"

ತಪ್ಪಲ್ಲ. 1869ರ ಗ್ರಹಣದಲ್ಲಿ ಕರೋನಾದಿಂದ ಒಂದು ಹಸಿರು ಗೆರೆ ಬಂತು. ಎಪ್ಪತ್ತು ವರ್ಷ ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಗ್ರೋಟ್ರಿಯನ್ ಮತ್ತು ಎಡ್ಲೆನ್ 1940ರ ಆಸುಪಾಸಿನಲ್ಲಿ ಬಿಡಿಸಿದರು: ಅದು 13 ಇಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಅಷ್ಟು ಇಲೆಕ್ಟ್ರಾನ್ ಕಿತ್ತು ಹೋಗಬೇಕಾದರೆ ಹತ್ತು ಲಕ್ಷ ಡಿಗ್ರಿ ದಾಟಲೇಬೇಕು.

ಈ ಬಿಸಿಗೆ ಮೂಲ ಕಾಂತಕ್ಷೇತ್ರ. ಮೇಲ್ಮೈಯ ಕುದಿತ ಕಾಂತರೇಖೆಗಳ ಬುಡವನ್ನು ಅಲುಗಿಸುತ್ತಲೇ ಇರುತ್ತದೆ. ಆ ಶಕ್ತಿ ಅಲೆಗಳಾಗಿ ಮೇಲೆ ಹೋಗಿ ಕರಗುತ್ತದೆಯೋ, ಸಿಕ್ಕುಬಿದ್ದ ರೇಖೆಗಳು ಸಣ್ಣ ಸಣ್ಣ ಸ್ಫೋಟಗಳಲ್ಲಿ ಬಿಚ್ಚಿಕೊಳ್ಳುತ್ತವೆಯೋ, ಯಾವುದರ ಪಾಲು ಎಷ್ಟು, ಎಂಬುದರ ಮೇಲೆ ಈಗಲೂ ಗಟ್ಟಿ ಚರ್ಚೆ ನಡೆದಿದೆ.

"ಅಷ್ಟು ಬಿಸಿ ಕರೋನಾದೊಳಗ ತಣ್ಣಗಿನ ಫಿಲಮೆಂಟ್ ಯಾಕ ಕಾದು ಹೋಗಂಗಿಲ್ಲ?"

ಬಿಸಿಯನ್ನು ಹೊತ್ತು ತರುವುದು ಇಲೆಕ್ಟ್ರಾನ್‌ಗಳು. ಅವು ಕಾಂತರೇಖೆಯ ಗುಂಟ ಓಡಬಲ್ಲವು, ಅದನ್ನು ಅಡ್ಡ ದಾಟಲಾರವು. ಫಿಲಮೆಂಟಿನ ಸುತ್ತ ರೇಖೆಗಳು ಹೆಚ್ಚುಕಮ್ಮಿ ಅದರ ಉದ್ದಕ್ಕೇ ಸಾಗುತ್ತವೆ. ಹಾಗಾಗಿ ಪಕ್ಕದಿಂದ ಬಿಸಿ ಒಳಗೆ ಬರಲು ದಾರಿಯೇ ಇಲ್ಲ. ತುದಿಗಳ ಕಡೆಯಿಂದ ಸ್ವಲ್ಪ ಬರುತ್ತದೆ. ಅದನ್ನು ದಟ್ಟ ಪ್ಲಾಸ್ಮಾ ಬೆಳಕಾಗಿ ಹೊರಗೆ ಚೆಲ್ಲಿ ಸರಿದೂಗಿಸುತ್ತದೆ. ಬಿಸಿ ಕರೋನಾಕ್ಕೂ ತಣ್ಣನೆಯ ಫಿಲಮೆಂಟಿಗೂ ನಡುವೆ ಬಹಳ ತೆಳುವಾದ ಪದರ ಇರುತ್ತದೆ. ಅಷ್ಟರಲ್ಲೇ ಉಷ್ಣತೆ ಹತ್ತು ಲಕ್ಷದಿಂದ ಹತ್ತು ಸಾವಿರಕ್ಕೆ ಇಳಿಯುತ್ತದೆ.

"ಸರಿ, ಕಾಯಂಗಿಲ್ಲ. ಆದ್ರ ಕೆಳಗ ಯಾಕ ಬೀಳಂಗಿಲ್ಲ?"

ಎಲ್ಲ ಪ್ರಶ್ನೆಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಸೂರ್ಯನ ಮೇಲ್ಮೈಯಲ್ಲಿ ಗುರುತ್ವ ಭೂಮಿಯ 28 ಪಟ್ಟು. ಯಾವ ಆಸರೆಯೂ ಇಲ್ಲದಿದ್ದರೆ 30,000 ಕಿ.ಮೀ. ಎತ್ತರದ ಮೋಡ ಎಂಟು ನಿಮಿಷದೊಳಗೆ ಕೆಳಗೆ ಬೀಳಬೇಕು. ಲೆಕ್ಕ ಸುಲಭ, ಪಿಯುಸಿ ಹುಡುಗರು ಮಾಡಿ ನೋಡಬಹುದು. ಪ್ಲಾಸ್ಮಾದ ಸ್ವಂತ ಒತ್ತಡ ಅದನ್ನು ಹೊರುತ್ತದೆ ಅನ್ನೋಣ ಅಂದರೆ, ಹತ್ತು ಸಾವಿರ ಡಿಗ್ರಿಯ ಒತ್ತಡ ಕೆಲವು ನೂರು ಕಿ.ಮೀ. ಎತ್ತರಕ್ಕಷ್ಟೇ ಸಾಕು.

ಹೊರುವುದು ಕಾಂತರೇಖೆ. ಹೊಲದಲ್ಲಿ ತೊಗರಿ ಕೊಯ್ಯುವಾಗ ತಾಯಂದಿರು ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಸೀರೆಯ ಎರಡು ತುದಿ ಮೇಲೆ ಬಿಗಿದಿದೆ, ಕೂಸಿನ ಭಾರಕ್ಕೆ ನಡು ತಗ್ಗಿದೆ, ಬಟ್ಟೆಯ ಬಿಗಿತ ಕೂಸನ್ನು ಹಿಡಿದಿದೆ. ಕಮಾನಾಗಿ ಏರಿದ ಕಾಂತರೇಖೆ ನಡುವೆ ಹೀಗೇ ತಗ್ಗಿದರೆ ಪ್ಲಾಸ್ಮಾ ಆ ತಗ್ಗಿನಲ್ಲಿ ಕೂರುತ್ತದೆ. ಪ್ಲಾಸ್ಮಾ ರೇಖೆಯನ್ನು ಅಡ್ಡ ದಾಟಿ ಸೋರಲಾರದು. ಬಗ್ಗಿದ ರೇಖೆ ನೆಟ್ಟಗಾಗಲು ಎಳೆಯುತ್ತಿರುತ್ತದೆ. ಆ ಎಳೆತವೇ ಮೇಲ್ಮುಖ ಬಲ.

ಈ ತಗ್ಗಿನ ಲೆಕ್ಕವನ್ನು 1957ರಲ್ಲಿ ಜರ್ಮನಿಯ ಕಿಪ್ಪನ್‌ಹಾನ್ ಮತ್ತು ಶ್ಲೂಟರ್ ಮೊದಲು ಬರೆದರು. ಬೇಕಾದ ಕಾಂತಕ್ಷೇತ್ರವೂ ಅಷ್ಟೇನೂ ದೊಡ್ಡದಲ್ಲ. ಶಾಂತ ಫಿಲಮೆಂಟ್‌ಗಳಲ್ಲಿ ಅಳತೆಯಾದದ್ದು ಬಹುಪಾಲು 3ರಿಂದ 15 ಗೌಸ್ (ಗೌಸ್ ಅಂದರೆ ಕಾಂತಕ್ಷೇತ್ರದ ಬಲದ ಅಳತೆ). ನಮ್ಮ ಕಾಲ ಕೆಳಗಿನ ಭೂಮಿಯ ಕ್ಷೇತ್ರ ಅರ್ಧ ಗೌಸ್‌ಗಿಂತ ಕಮ್ಮಿ, ದೊಡ್ಡ ಸೌರಕಲೆಯದು ಎರಡು ಮೂರು ಸಾವಿರ. ಇಷ್ಟು ಸೌಮ್ಯ ಕ್ಷೇತ್ರ ಅಷ್ಟು ದೊಡ್ಡ ಮೋಡವನ್ನು ಹೊರಲು ಕಾರಣವಿದೆ. ಮೋಡ ನಮಗೆ ದಟ್ಟ ಅನಿಸಿದರೂ ನಿಜಕ್ಕೂ ತೀರಾ ವಿರಳ. ಒಂದು ಘನ ಸೆಂಟಿಮೀಟರಿಗೆ ಸುಮಾರು ಸಾವಿರ ಕೋಟಿ ಕಣ. ನಾವು ಉಸಿರಾಡುವ ಗಾಳಿಯಲ್ಲಿ ಅದರ ನೂರಾರು ಕೋಟಿ ಪಟ್ಟು ಇರುತ್ತವೆ.

"ಫಿಲಮೆಂಟ್ ಎಲ್ಲಿ ಬೇಕಾದಲ್ಲಿ ಹುಟ್ಟುತ್ತದೆಯೇ?"

ಇಲ್ಲ. ಒಂದೇ ಬಗೆಯ ಜಾಗದಲ್ಲಿ ಹುಟ್ಟುತ್ತದೆ. ಮೇಲ್ಮೈಯ ಕಾಂತ ನಕ್ಷೆ ನೋಡಿದರೆ ಕೆಲವು ಕಡೆ ಕ್ಷೇತ್ರ ಹೊರಮುಖ, ಕೆಲವು ಕಡೆ ಒಳಮುಖ. ಈ ಎರಡರ ನಡುವಿನ ಗಡಿಯ ಮೇಲೆಯೇ ಫಿಲಮೆಂಟ್ ನಿಲ್ಲುತ್ತದೆ. ಕಾಂತ ನಕ್ಷೆಯ ಮೇಲೆ ಅದೇ ದಿನದ ಹೈಡ್ರೋಜನ್-ಆಲ್ಫಾ ಚಿತ್ರ ಇಟ್ಟು ನೋಡಿ, ಕರಿ ಗೆರೆ ಗಡಿ ಬಿಟ್ಟು ಆಚೀಚೆ ಹೋಗುವುದೇ ಇಲ್ಲ. ಕಣ್ಣಿಗೆ ಕಾಣದ ಗಡಿಯನ್ನು ಸೂರ್ಯ ತಾನೇ ಗೆರೆ ಎಳೆದು ತೋರಿಸುತ್ತದೆ. ಫಿಲಮೆಂಟ್ ನನಗೆ ಮುಖ್ಯ ಅನಿಸುವುದು ಇದಕ್ಕೇ.

ಆದರೆ ಗಡಿ ಇದ್ದಲ್ಲೆಲ್ಲ ಫಿಲಮೆಂಟ್ ಇರುವುದಿಲ್ಲ. ಸಾಮಾನ್ಯವಾಗಿ ರೇಖೆಗಳು ಗಡಿಯನ್ನು ಅಡ್ಡ ದಾಟಿ ಕಮಾನಾಗುತ್ತವೆ. ಅಂಥ ಕಡೆ ತಗ್ಗು ಆಗುವುದಿಲ್ಲ. ಗಡಿಯ ಎರಡು ಬದಿಯ ಮೇಲ್ಮೈ ಎದುರು ಬದುರು ದಿಕ್ಕಿಗೆ ಸರಿಯುತ್ತಾ ಹೋದರೆ ಕಮಾನುಗಳು ವಾಲಿ ವಾಲಿ ಕೊನೆಗೆ ಗಡಿಯ ಗುಂಟವೇ ಮಲಗುತ್ತವೆ. ಇದಕ್ಕೆ ಫಿಲಮೆಂಟ್ ಚಾನಲ್ ಅನ್ನುತ್ತಾರೆ. ಮೊದಲು ಚಾನಲ್ ಆಗಬೇಕು, ಆಮೇಲೆ ಅದರೊಳಗೆ ಪ್ಲಾಸ್ಮಾ ತುಂಬಬೇಕು. ಎಷ್ಟೋ ಚಾನಲ್‌ಗಳು ಖಾಲಿಯೇ ಇರುತ್ತವೆ.

ಗಡಿಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಎದುರು ಧ್ರುವದ ಸಣ್ಣ ತುಣುಕುಗಳು ಹತ್ತಿರ ಬಂದು ಒಂದನ್ನೊಂದು ಅಳಿಸುತ್ತವೆ. ಅಲ್ಲಿ ರೇಖೆಗಳು ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ, ಎರಡು ಗಿಡ್ಡ ರೇಖೆಗಳಿಂದ ಒಂದು ಉದ್ದ ತಿರುಚಿದ ರೇಖೆ ಆಗುತ್ತದೆ. ವಾನ್ ಬಾಲೆಗೋಯನ್ ಮತ್ತು ಮಾರ್ಟೆನ್ಸ್ 1989ರಲ್ಲಿ ಇದನ್ನು ವಿವರಿಸಿದರು. ಇದು ದಿನಗಟ್ಟಲೆ ನಡೆದರೆ ಗಡಿಯ ಮೇಲೆ ಸುರುಳಿ ಸುತ್ತಿದ ಕಾಂತರೇಖೆಗಳ ಒಂದು ಕಟ್ಟೇ ತಯಾರಾಗುತ್ತದೆ.

"ಅಲ್ಲಿಗೆ ಅಷ್ಟು ಸಾಮಾನು ಎಲ್ಲಿಂದ ಬರ್ತದ? ಕರೋನಾ ಖಾಲಿ ಖಾಲಿ ಅಂತೀರಿ."

ಸರಿಯಾದ ಸಂದೇಹ. ಸುತ್ತಲಿನ ಕರೋನಾವನ್ನು ಒಟ್ಟುಮಾಡಿದರೆ ದೊಡ್ಡ ಫಿಲಮೆಂಟಿಗೆ ಸಾಲುವುದಿಲ್ಲ. ಸಾಮಾನು ಕೆಳಗಿನ ಪದರದಿಂದಲೇ ಬರಬೇಕು. ಒಂದು ದಾರಿ ಹೀಗೆ: ಕಾಂತರೇಖೆಯ ಬುಡ ಕಾಯುತ್ತದೆ. ಅಲ್ಲಿನ ಪ್ಲಾಸ್ಮಾ ಆವಿಯಾಗಿ ಮೇಲೇರುತ್ತದೆ. ರೇಖೆಯ ನಡುವೆ ದಟ್ಟಣೆ ಹೆಚ್ಚುತ್ತದೆ. ದಟ್ಟಣೆ ಎರಡು ಪಟ್ಟಾದರೆ ಬೆಳಕಾಗಿ ಚೆಲ್ಲುವ ಶಕ್ತಿ ನಾಲ್ಕು ಪಟ್ಟು. ಆಗ ತಣಿಯುತ್ತದೆ. ತಣಿದ ಹಾಗೆ ಇನ್ನೂ ಜೋರಾಗಿ ಚೆಲ್ಲುತ್ತದೆ, ಸುಮಾರು ಲಕ್ಷ ಡಿಗ್ರಿಯ ಹತ್ತಿರ ಈ ಚೆಲ್ಲುವಿಕೆ ಅತಿ ಹೆಚ್ಚು. ಒಂದು ಸಲ ಜಾರಿತು ಅಂದರೆ ಹತ್ತು ಸಾವಿರ ಡಿಗ್ರಿಯವರೆಗೆ ನಿಲ್ಲುವುದಿಲ್ಲ. ತಗ್ಗು ಇದ್ದರೆ ಅಲ್ಲಿ ಸೇರಿಕೊಳ್ಳುತ್ತದೆ. ಇಲ್ಲದಿದ್ದರೆ ರೇಖೆಯ ಗುಂಟ ಕೆಳಗೆ ಸುರಿಯುತ್ತದೆ, ಅದನ್ನು ಕರೋನಾದ ಮಳೆ ಅನ್ನುತ್ತಾರೆ.

ಬೇರೆ ದಾರಿಗಳೂ ಇವೆ. ಬುಡದಲ್ಲಿ ರೇಖೆಗಳು ಕಡಿದು ಕೂಡುವಾಗ ತಣ್ಣನೆಯ ಪ್ಲಾಸ್ಮಾ ಚಿಮ್ಮಿ ನೇರ ಮೇಲೆ ಹೋಗಬಹುದು. ಅಥವಾ ಮೇಲೇರುವ ರೇಖೆಯೇ ಅದನ್ನು ಎತ್ತಿಕೊಂಡು ಹೋಗಬಹುದು. ಒಂದೇ ದಾರಿ ಎಲ್ಲ ಫಿಲಮೆಂಟಿಗೂ ಅನ್ವಯಿಸುತ್ತದೆ ಅಂತ ನನಗನಿಸುವುದಿಲ್ಲ. ಇನ್ನೊಂದು: ಸಾಮಾನು ಬಂದು ಕುಳಿತುಬಿಡುವುದಿಲ್ಲ. ಎಳೆಗಳೊಳಗೆ ಪ್ಲಾಸ್ಮಾ ಅಕ್ಕಪಕ್ಕದಲ್ಲೇ ಎದುರು ಬದುರು ಹರಿಯುತ್ತಿರುವುದನ್ನು 1998ರಲ್ಲಿ ಝಿರ್ಕರ್, ಎಂಗ್ವೋಲ್ಡ್, ಮಾರ್ಟಿನ್ ತೋರಿಸಿದರು. ನಮಗೆ ಅಲುಗದ ಗೆರೆಯಾಗಿ ಕಂಡರೂ ಒಳಗೆ ಬಿಡುವಿಲ್ಲದ ಓಡಾಟ.

## ಓದಿಕೊಂಡು ಬಂದವರು ಕೇಳುವುದು

"ಕಾಂತಕ್ಷೇತ್ರ ಕಾಣುವುದಿಲ್ಲ, ಅಲ್ಲಿಗೆ ಹೋಗಲೂ ಆಗುವುದಿಲ್ಲ. ಗೌಸ್ ಲೆಕ್ಕ ಹೇಗೆ ಹೇಳುತ್ತಾರೆ?"

ಬೆಳಕಿನಿಂದ. ಬಲವಾದ ಕ್ಷೇತ್ರದಲ್ಲಿ ರೋಹಿತದ ಒಂದು ಗೆರೆ ಸೀಳುತ್ತದೆ, ಅದು ಝೀಮನ್ ಪರಿಣಾಮ. ಫಿಲಮೆಂಟಿನ ಕೆಲವೇ ಗೌಸ್‌ಗೆ ಆ ಸೀಳು ಕಾಣದಷ್ಟು ಸಣ್ಣದು. ಅಲ್ಲಿ ಹ್ಯಾನ್ಲೆ ಪರಿಣಾಮ ಬಳಸುತ್ತಾರೆ. ಚೆಲ್ಲಿದ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಒಂದು ದಿಕ್ಕಿನಲ್ಲೇ ಹೆಚ್ಚು ಕಂಪಿಸುತ್ತವೆ; ದುರ್ಬಲ ಕ್ಷೇತ್ರವೂ ಆ ಧ್ರುವೀಕರಣವನ್ನು ಕಮ್ಮಿ ಮಾಡಿ ತಿರುಗಿಸುತ್ತದೆ. ಎಷ್ಟು ತಿರುಗಿತು ಅಂತ ಅಳೆದರೆ ಕ್ಷೇತ್ರದ ಬಲ, ದಿಕ್ಕು ಸಿಗುತ್ತವೆ. ಫ್ರಾನ್ಸಿನ ಲೆರೊಯ್, ಬೊಮ್ಮಿಯೆ ಮತ್ತು ಸಂಗಡಿಗರು 1980ರ ದಶಕದಲ್ಲಿ ನೂರಾರು ಚಾಚಿಕೆಗಳನ್ನು ಹೀಗೆ ಅಳೆದರು. ಕ್ಷೇತ್ರ ಹೆಚ್ಚುಕಮ್ಮಿ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದೆ, ಫಿಲಮೆಂಟಿನ ಉದ್ದದ ಜತೆ ಸಣ್ಣ ಕೋನ ಮಾಡುತ್ತದೆ ಅಂತ ಗೊತ್ತಾದದ್ದು ಅವರಿಂದ.

"ವಾಲಿದ ಕಮಾನು ಸರಿಯೋ, ಫ್ಲಕ್ಸ್ ರೋಪ್ ಸರಿಯೋ? ಸೆಮಿನಾರಿನಲ್ಲಿ ಎರಡೂ ಹೇಳಿದರು."

ಎರಡರಲ್ಲೂ ತಗ್ಗು ಇದೆ, ಎರಡೂ ಪ್ಲಾಸ್ಮಾ ಹೊರುತ್ತವೆ. ವಾಲಿದ ಕಮಾನಿನಲ್ಲಿ ತಿರುಚು ಕಮ್ಮಿ. ಫ್ಲಕ್ಸ್ ರೋಪ್ ಅಂದರೆ ಒಂದು ಅಕ್ಷದ ಸುತ್ತ ಸುರುಳಿಯಾಗಿ ಸುತ್ತಿದ ಕ್ಷೇತ್ರ, ಪ್ಲಾಸ್ಮಾ ಸುರುಳಿಯ ತಳದಲ್ಲಿ ಕೂರುತ್ತದೆ. ಸುರುಳಿಯಾದರೆ ತಳದಲ್ಲಿ ಅಡ್ಡ ಕ್ಷೇತ್ರದ ದಿಕ್ಕು ಕೆಳಗಿನ ಮೇಲ್ಮೈ ಹೇಳುವುದಕ್ಕೆ ಉಲ್ಟಾ ಇರಬೇಕು. ಕುಪೆರಸ್ ಮತ್ತು ರಾಡು 1974ರಲ್ಲಿ ಕೊಟ್ಟ ಮಾದರಿಯಲ್ಲಿ ಹೀಗೇ ಇತ್ತು. ಫ್ರೆಂಚರ ಅಳತೆಯಲ್ಲಿ ಎತ್ತರದ ಶಾಂತ ಚಾಚಿಕೆಗಳಲ್ಲಿ ಬಹಳಷ್ಟು ಹೀಗೆ ಉಲ್ಟಾ ಇದ್ದವು. ಗ್ರಹಣದ ಚಿತ್ರಗಳಲ್ಲಿ ಚಾಚಿಕೆಯ ಸುತ್ತ ಕಾಣುವ ಕಪ್ಪು ಗುಂಡು ಪೊಳ್ಳೂ ಸುರುಳಿಯ ಪರವಾಗಿಯೇ ಇದೆ. ಸೌರಕಲೆಗಳ ಹತ್ತಿರದ ಗಿಡ್ಡ ಫಿಲಮೆಂಟ್‌ಗಳಿಗೆ ವಾಲಿದ ಕಮಾನು ಸಾಕಾಗುತ್ತದೆ ಅನ್ನುವವರಿದ್ದಾರೆ. ನನ್ನ ಅನಿಸಿಕೆ: ಹುಟ್ಟುವಾಗ ವಾಲಿದ ಕಮಾನು, ಬೆಳೆದ ಹಾಗೆ ಸುರುಳಿ, ಹೀಗೆ ಒಂದೇ ಫಿಲಮೆಂಟ್ ಎರಡನ್ನೂ ದಾಟಿ ಬರಬಹುದು.

"ಬದಿಗಿನ ಕವಲುಗಳು ಒಂದೇ ಕಡೆ ಓರೆಯಾಗಿರ್ತಾವ. ಯಾಕ?"

ಇದನ್ನು ಗಮನಿಸಿದ ಹುಡುಗಿಗೆ ಶಹಬ್ಬಾಸ್ ಹೇಳಲೇಬೇಕು. ಹೆದ್ದಾರಿಯಿಂದ ಊರಿಗೆ ಇಳಿಯುವ ರಸ್ತೆಯ ಓರೆ ನೋಡುವಂತೆ, ಗೆರೆಯ ಗುಂಟ ಹೋಗುತ್ತಾ ಕವಲುಗಳು ಬಲಕ್ಕೆ ಇಳಿಯುತ್ತವೋ ಎಡಕ್ಕೋ ನೋಡಿ. ಸೂರ್ಯನ ಉತ್ತರಾರ್ಧದಲ್ಲಿ ಹೆಚ್ಚಿನವು ಬಲಕ್ಕೆ, ದಕ್ಷಿಣಾರ್ಧದಲ್ಲಿ ಹೆಚ್ಚಿನವು ಎಡಕ್ಕೆ. ಸಾರಾ ಮಾರ್ಟಿನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಸ್ಪಷ್ಟ ಮಾಡಿದರು. 11 ವರ್ಷಕ್ಕೊಮ್ಮೆ ಸೂರ್ಯನ ಧ್ರುವಗಳು ಅದಲು ಬದಲಾದರೂ ಈ ನಿಯಮ ಬದಲಾಗುವುದಿಲ್ಲ. ಕವಲಿನ ಓರೆ ಕ್ಷೇತ್ರದ ತಿರುಚನ್ನು ಹೇಳುತ್ತದೆ. ಅಂದರೆ ಚಿಕ್ಕ ದೂರದರ್ಶಕದಲ್ಲಿ, ಬರೀ ಕಣ್ಣಳತೆಯಲ್ಲಿ, ಕ್ಷೇತ್ರ ಯಾವ ಕಡೆ ತಿರುಚಿದೆ ಅಂತ ಹೇಳಬಹುದು.

"ನಿನ್ನೆ ಇತ್ತು, ಇವತ್ತಿಲ್ಲ. ಎಲ್ಲಿ ಹೋಯ್ತು?"

ಬಹುಶಃ ಸಿಡಿದು ಹೋಯಿತು. ಮೇಲಿನ ಕಮಾನುಗಳು ಸುರುಳಿಯನ್ನು ಅದುಮಿ ಹಿಡಿದಿರುತ್ತವೆ. ಸುರುಳಿಯೊಳಗಿನ ವಿದ್ಯುತ್ ಪ್ರವಾಹ ಅದನ್ನು ಮೇಲೆ ತಳ್ಳುತ್ತಿರುತ್ತದೆ. ಗಂಟೆಗಟ್ಟಲೆ ಮೆಲ್ಲಗೆ ಏರುತ್ತಾ ಸುರುಳಿ ಒಂದು ಎತ್ತರಕ್ಕೆ ಬರುತ್ತದೆ. ಅಲ್ಲಿಂದ ಮೇಲೆ ಅದುಮುವ ಕ್ಷೇತ್ರ ಬೇಗ ಬೇಗ ದುರ್ಬಲವಾಗುತ್ತಿದ್ದರೆ ಮತ್ತೆ ತಡೆಯುವವರಿಲ್ಲ. ಕ್ಲೀಮ್ ಮತ್ತು ಟೊರೊಕ್ 2006ರಲ್ಲಿ ಇದರ ಲೆಕ್ಕ ಕೊಟ್ಟರು. ಸುರುಳಿಯ ಕೆಳಗೆ ರೇಖೆಗಳು ಕಡಿದು ಕೂಡುತ್ತವೆ, ಅದರಿಂದ ಇನ್ನಷ್ಟು ವೇಗ ಬರುತ್ತದೆ. ಕೆಳಗೆ ಮೇಲ್ಮೈಯಲ್ಲಿ ಗಡಿಯ ಎರಡು ಬದಿಗೂ ಎರಡು ಹೊಳೆಯುವ ಪಟ್ಟಿಗಳು ಮೂಡಿ ದೂರ ಸರಿಯುತ್ತವೆ.

2012ರ ಆಗಸ್ಟ್ 31ರಂದು ಹೀಗಾದದ್ದನ್ನು ನಾಸಾದ ಎಸ್‌ಡಿಒ ಉಪಗ್ರಹ ಸೆರೆಹಿಡಿದಿದೆ. ಆಗ್ನೇಯ ಅಂಚಿನ ಹತ್ತಿರ ದಿನಗಟ್ಟಲೆ ನಿಂತಿದ್ದ ಉದ್ದ ಫಿಲಮೆಂಟ್ ದೊಡ್ಡ ಕಮಾನಾಗಿ ಎದ್ದು ಹೊರಟುಹೋಯಿತು. ಜತೆಗೆ ಹೊರಟ ಕರೋನಾದ ರಾಶಿ ಸೆಕೆಂಡಿಗೆ 1,400 ಕಿ.ಮೀ. ದಾಟಿತ್ತು. ಭೂಮಿಗೆ ನೇರ ಬಡಿಯಲಿಲ್ಲ, ಬದಿಗೆ ಸವರಿತು. ಸೆಪ್ಟೆಂಬರ್ 3ರ ರಾತ್ರಿ ಉತ್ತರದ ದೇಶಗಳಲ್ಲಿ ಧ್ರುವಪ್ರಭೆ (ಆಕಾಶದಲ್ಲಿ ಬಣ್ಣದ ಬೆಳಕು, ಅರೋರಾ) ಕಂಡಿತು. 2011ರ ಜೂನ್ 7ರದು ಬೇರೆ ಥರ. ಮೇಲೆದ್ದ ಪ್ಲಾಸ್ಮಾದಲ್ಲಿ ಬಹಳಷ್ಟು ಕಪ್ಪು ತುಣುಕುಗಳಾಗಿ ಮತ್ತೆ ಸೂರ್ಯನ ಮೇಲೇ ಬಿತ್ತು, ಬಿದ್ದಲ್ಲೆಲ್ಲ ಮಿಂಚಿತು. ಎರಡರ ವಿಡಿಯೋವನ್ನೂ ತಪ್ಪದೆ ನೋಡಿ.

ಸಿಡಿದ ಮೇಲೂ ಚಾನಲ್ ಉಳಿದಿರುತ್ತದೆ. ಎಷ್ಟೋ ಸಲ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಹೊಸ ಗೆರೆ ಮೂಡುತ್ತದೆ.

"ನಮ್ಮ ಕಲಬುರಗಿ ಬಿಸಿಲಿಗೆ ಇದೇ ಕಾರಣ ಏನ್ರೀ? ನಮಗ ಏನರ ತೊಂದ್ರಿ ಅದನ?"

ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ, ಮಳೆ ಇನ್ನೂ ಬಂದಿರುವುದಿಲ್ಲ, ಅದಕ್ಕೆ ಆ ಸೆಕೆ.

ಸಿಡಿದ ರಾಶಿ ಭೂಮಿಗೆ ಬಡಿದರೆ ತೊಂದರೆ ಬೇರೆ ರೀತಿಯದು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2024ರ ಮೇ 10, 11ರ ಕಾಂತ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಿಂದಲೂ ಕೆಂಪು ಧ್ರುವಪ್ರಭೆ ಕಂಡಿತು. ಅದು ಒಂದು ದೊಡ್ಡ ಸೌರಕಲೆ ಗುಂಪಿನಿಂದ ಬಂದದ್ದು. ನಾವು ಕಾಂತ ಸಮಭಾಜಕಕ್ಕೆ ಹತ್ತಿರ, ಆದ್ದರಿಂದ ನಮ್ಮ ವಿದ್ಯುತ್ ಜಾಲಕ್ಕೆ ಕ್ವಿಬೆಕ್‌ನಷ್ಟು ಅಪಾಯವಿಲ್ಲ. ಜಿಪಿಎಸ್ ತಪ್ಪು ತೋರಿಸಬಹುದು, ದೂರದ ರೇಡಿಯೋ ಸಂಪರ್ಕ ಕೆಡಬಹುದು, ಉಪಗ್ರಹಗಳಿಗೆ ಪೆಟ್ಟಾಗಬಹುದು. ಟಿವಿ, ಬ್ಯಾಂಕು, ಹವಾಮಾನ ಮುನ್ಸೂಚನೆ ಎಲ್ಲ ಉಪಗ್ರಹದ ಮೇಲೆ ನಿಂತಿರುವಾಗ ಇದು ನಮಗೂ ಸೇರಿದ ವಿಷಯವೇ.

"ಆದಿತ್ಯ-ಎಲ್1 ಇದನ್ನ ನೋಡ್ತದೇನು?"

ನೋಡುತ್ತದೆ. ಸೂರ್ಯನನ್ನು ನೋಡಲೆಂದೇ ಇಸ್ರೋ ಕಳಿಸಿದ ಈ ನೌಕೆ 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಕಕ್ಷೆ ಸೇರಿತು. ಅಲ್ಲಿಂದ ಸೂರ್ಯ ಮರೆಯಾಗುವುದೇ ಇಲ್ಲ. ಅದರ ಏಳು ಉಪಕರಣಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದ ಮುಂದಾಳತ್ವದಲ್ಲಿ ತಯಾರಾದ ಸೂಟ್ ನೇರಳಾತೀತ ಬೆಳಕಿನಲ್ಲಿ ಇಡೀ ತಟ್ಟೆಯ ಚಿತ್ರ ತೆಗೆಯುತ್ತದೆ. ಮೆಗ್ನೀಸಿಯಂನ ಬಣ್ಣದಲ್ಲಿ ಫಿಲಮೆಂಟ್, ಚಾಚಿಕೆ ಚೆನ್ನಾಗಿ ಕಾಣುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೆಲ್ಕ್ ಸೂರ್ಯನ ತಟ್ಟೆಯನ್ನು ಮರೆಮಾಡಿ ಕರೋನಾವನ್ನು ನೋಡುತ್ತದೆ. ಅದನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಸಿಡಿದ ಫಿಲಮೆಂಟ್ ಕರೋನಾ ದಾಟಿ ಹೋಗುವುದನ್ನು ಎರಡೂ ಸೇರಿ ಬುಡದಿಂದ ಹಿಂಬಾಲಿಸಬಹುದು.

ಹಳೆಯದನ್ನೂ ಮರೆಯಬಾರದು. ಕೊಡೈಕನಾಲ್ ವೀಕ್ಷಣಾಲಯದಲ್ಲಿ 1912ರಿಂದ ಹೈಡ್ರೋಜನ್-ಆಲ್ಫಾ ಚಿತ್ರಗಳಿವೆ. ಅಲ್ಲಿ ಜಾನ್ ಮತ್ತು ಮೇರಿ ಎವರ್ಷೆಡ್ ದಂಪತಿ ಚಾಚಿಕೆಗಳ ಬಗ್ಗೆ ವರ್ಷಗಟ್ಟಲೆ ದುಡಿದರು. ಗಾಜಿನ ಫಲಕಗಳೆಲ್ಲ ಈಗ ಡಿಜಿಟಲ್ ಆಗಿವೆ. ನೂರು ವರ್ಷದಲ್ಲಿ ಫಿಲಮೆಂಟ್‌ಗಳು ಸುಮಾರು 11 ವರ್ಷದ ಪ್ರತಿ ಸೌರಚಕ್ರದಲ್ಲಿ ಧ್ರುವದ ಕಡೆ ಹೇಗೆ ಸರಿದಿವೆ ಅಂತ ಅವುಗಳಿಂದಲೇ ಗೊತ್ತಾಗುವುದು.

"ನಾನು ಹತ್ತನೇ ಕ್ಲಾಸು. ನಮ್ಮೂರಾಗ ದೂರದರ್ಶಕ ಇಲ್ಲ. ನಾನೂ ಏನರ ಮಾಡಬಹುದೇನು?"

ಮೊಬೈಲ್ ಇದ್ದರೆ ಸಾಕು. ಗಾಂಗ್ ಎಂಬ ಜಾಲ ಭೂಮಿಯ ಸುತ್ತ ಹಲವು ಕಡೆ ದೂರದರ್ಶಕ ಇಟ್ಟು ಹೈಡ್ರೋಜನ್-ಆಲ್ಫಾ ಚಿತ್ರ ತೆಗೆದು ಎಲ್ಲರಿಗೂ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಒಂದು ನಮ್ಮ ಉದಯಪುರದಲ್ಲಿದೆ. ಎಸ್‌ಡಿಒ ಚಿತ್ರಗಳೂ ಪುಕ್ಕಟೆ, ಕಾಂತ ನಕ್ಷೆ ಸಮೇತ.

ಒಂದು ನೋಟ್‌ಬುಕ್ಕಿನಲ್ಲಿ ಬಟ್ಟಲು ಮಗುಚಿಟ್ಟು ದುಂಡನೆ ಗೆರೆ ಎಳಿ. ದಿನಾ ಒಂದೇ ಹೊತ್ತಿಗೆ ಚಿತ್ರ ತೆರೆದು ಕರಿ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಬರಿ. ತಾರೀಖು ಹಾಕು. ಕವಲುಗಳ ಓರೆಯನ್ನು ಬಾಣದ ಗುರುತಿನಿಂದ ತೋರಿಸು. ಗೆರೆ ದಪ್ಪವಾಗುತ್ತಿದೆಯೋ, ಮಸುಕಾಗುತ್ತಿದೆಯೋ, ಎರಡು ತುಂಡಾಯಿತೋ, ಬರೆದಿಡು. ಪಕ್ಕದ ಪುಟದಲ್ಲಿ ಅವತ್ತಿನ ಕಾಂತ ನಕ್ಷೆ ನೋಡಿ ಗಡಿಯನ್ನು ಚುಕ್ಕಿಗಳಲ್ಲಿ ಬರಿ. ಒಂದು ಸುತ್ತು, ಅಂದರೆ ಸುಮಾರು 27 ದಿನ, ಬಿಡದೆ ಮಾಡು. ಹೋದ ಫಿಲಮೆಂಟ್ ಆ ಕಡೆಯಿಂದ ತಿರುಗಿ ಬಂತೋ ಇಲ್ಲವೋ ನೋಡು. ಸಂದೇಹ ಬಂದರೆ ನೋಟ್‌ಬುಕ್ ಸಮೇತ ನಿಮ್ಮ ವಿಜ್ಞಾನ ಮಾಸ್ತರ ಹತ್ತಿರ ಹೋಗು, ಇಲ್ಲವೇ ಪುಟಗಳ ಫೋಟೋ ತೆಗೆದು ನಮಗೆ ಕಳಿಸು.